ಎರಡೂವರೆ ಗಂಟೆಗೆ ಅಮೆರಿಕಾನಾ?

ಟಿಕೆಟ್ ಬಂತಾ ಅಕ್ಕಾ? ಕೊಡಿ, ನೋಡೋಣ. ಮಗಳ ಬಾಣಂತನಕ್ಕೆ ಹೊರಟಿದ್ದೀರಿ, ಬಹಳ ಸಂತೋಷ. ಜನವರಿ ಚಳಿ ಇರುತ್ತೆ, ಸ್ವೆಟರ್ ಮರೀಬೇಡಿ.

ಹೌದು, ಮಧ್ಯಾಹ್ನ ಎರಡಕ್ಕೆ ಬೆಂಗಳೂರು ಬಿಡುತ್ತೆ, ಅದೇ ದಿನ ಸಂಜೆ ನಾಲ್ಕೂವರೆಗೆ ಸ್ಯಾನ್ ಫ್ರಾನ್ಸಿಸ್ಕೋ ಅಂತಲೇ ಇದೆ. ಆದರೆ ಎರಡೂವರೆ ಗಂಟೆ ಪ್ರಯಾಣ ಅಲ್ಲಕ್ಕಾ ಇದು. ಟಿಕೆಟ್ಟಿನಲ್ಲಿ ಹೊರಡೋ ಹೊತ್ತು ನಮ್ಮೂರಿನ ಗಡಿಯಾರದ್ದು, ಇಳಿಯೋ ಹೊತ್ತು ಅವರೂರಿನದ್ದು. ಚಳಿಗಾಲದಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ನೀವು ಇಳಿಯೋವಾಗ ನಮ್ಮಲ್ಲಿ ಮಾರನೇ ದಿನ ಬೆಳಗಿನ ಆರು ಗಂಟೆ, ಹಾಲಿನವನು ಬರೋ ಹೊತ್ತು. ಅಂದ್ರೆ ಹದಿನಾರು ಗಂಟೆ ಕೂತೇ ಇರಬೇಕು.

ಮೊಮ್ಮಗನ ಗ್ಲೋಬ್ ಇದೆಯಲ್ಲ, ಒಂದು ದಾರ ತಗೊಂಡು ನೋಡಿ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಒತ್ತಿ ಬಿಗಿಯಾಗಿ ಎಳೀರಿ. ಗೋಡೆ ನಕ್ಷೆ ನೋಡಿ ಅಮೆರಿಕ ಅಂದ್ರೆ ಪಶ್ಚಿಮ ಅಂತೀವಿ. ದಾರ ಮಾತ್ರ ಸೀದಾ ಉತ್ತರಕ್ಕೆ ಏರುತ್ತೆ! ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ, ಅಲಾಸ್ಕಾ ಮೇಲಿಂದ ಕೆಳಗಿಳಿಯುತ್ತೆ. ಅದೇ ಅತಿ ಹತ್ತಿರದ ದಾರಿ, ಆದರೂ ಸುಮಾರು 14,000 ಕಿಲೋಮೀಟರ್. ಭೂಮಿ ಸುತ್ತಳತೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು. ನನಗಂತೂ ಎಷ್ಟು ಸಲ ನೋಡಿದರೂ ಸಾಕಾಗಲ್ಲ.

ವಿಮಾನ ಯಾವಾಗಲೂ ಆ ದಾರದ ಮೇಲೇ ಹೋಗುತ್ತೆ ಅಂತೇನಿಲ್ಲ. ಮೇಲಿನ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾದ ಗಾಳಿ ಇರುತ್ತೆ. ಹೋಗೋವಾಗ ಪೆಸಿಫಿಕ್ ಮೇಲೆ ಅದು ಬೆನ್ನಿಗೆ ಸಿಕ್ಕಿದರೆ, ಸುತ್ತು ದಾರಿಯಾದರೂ ಬೇಗ ಮುಟ್ಟಿಸುತ್ತೆ. ವಾಪಸ್ ಬರೋವಾಗ ಅದಕ್ಕೆ ಎದುರಾಗಿ ಯಾಕೆ ಬರ್ತಾರೆ? ಬೇರೆ ದಾರಿ ಹಿಡೀತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂತಲ್ಲ, ನಡೆಸಿದ ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳು. ಉತ್ತರ ಧ್ರುವದ ಮೇಲೇ ಹಾದು ಬಂದರು. 9ರ ಶನಿವಾರ ರಾತ್ರಿ ಅಲ್ಲಿ ಹೊರಟು, 11ರ ಸೋಮವಾರ ನಸುಕಿಗೆ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಇಳಿದರು. ಕ್ಯಾಲೆಂಡರಿನಲ್ಲಿ ಭಾನುವಾರ ಪೂರ್ತಿ ಆಕಾಶದಲ್ಲೇ ಕಳೆದಹಾಗೆ ಕಾಣುತ್ತೆ, ನಿಜಕ್ಕೂ ಹಾರಿದ್ದು ಹದಿನೇಳು ಗಂಟೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ನಿಮಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದೆ. ಅಲ್ಲಿನ ಗಡಿಯಾರ ನೋಡಿ "ಇನ್ನೂ ಸಂಜೆ ತಾನೇ" ಅಂತ ಕೂತರೆ, ರಾತ್ರಿ ಮಾತ್ರೆ ಹೊತ್ತು ಯಾವಾಗಲೋ ಮೀರಿರುತ್ತೆ. ಗಂಟೆ ಲೆಕ್ಕ ಬರೆದುಕೊಂಡು ಹೋಗಿ ಡಾಕ್ಟರ್ ಹತ್ರ ತೋರಿಸಿ, ಯಾವ ಮಾತ್ರೆ ಯಾವಾಗ ಅಂತ ಬರೆಸಿಕೊಳ್ಳಿ. ಇಳಿಯೋವರೆಗೂ ಕೈಗಡಿಯಾರ ತಿರುಗಿಸಬೇಡಿ. ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡಿ, ಇಲ್ಲದಿದ್ರೆ ಕಾಲು ಊದಿಕೊಳ್ಳುತ್ತೆ. ಮಾತ್ರೆ, ಡಾಕ್ಟರ್ ಚೀಟಿ ಎರಡೂ ಕೈಚೀಲದಲ್ಲೇ ಇರಲಿ ಅಕ್ಕಾ, ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ.