ಕಾಂಪೌಂಡ್ ದಾಟಿ ಬಂದ ಹಾಡು

ನಿಮಗಿಷ್ಟವಾದ ಹಾಡು ಯಾವುದು ಅಂತ ಯಾರಾದರೂ ಕೇಳಿದ ತಕ್ಷಣ ನಾವೆಲ್ಲ ಸ್ವಲ್ಪ ಬಿಗುಮಾನದವರಾಗಿಬಿಡ್ತೀವಿ. ನಾನಂತೂ ಥಟ್ಟನೆ ಕಾಳಿಂಗರಾಯರ ಹೆಸರು ಹೇಳ್ತೀನಿ, ಹಿಂದೆಯೇ ಮೈಸೂರು ಅನಂತಸ್ವಾಮಿ. ಸುಳ್ಳೇನಲ್ಲ, ಇಷ್ಟವೇ. ಆದರೆ ಒಗ್ಗರಣೆಗೆ ಸಾಸಿವೆ ಹಾಕಿ ಸಿಡಿಯೋದನ್ನ ಕಾಯ್ತಾ ನಿಂತಾಗ ಬಾಯಿಗೆ ತಾನಾಗಿ ಬರೋದು ನಿರ್ಮಾ ಜಾಹೀರಾತು. ಅದನ್ನ ಇಷ್ಟದ ಹಾಡು ಅಂತ ಹೇಗೆ ಹೇಳ್ಕೊಳ್ಳೋದು?

ಈ ಮಾತು ತೆಗೆದದ್ದು ಪಕ್ಕದ ಮನೆ ವೈನಿ ಹತ್ರ. ಧಾರವಾಡದವರು. ಕಾಂಪೌಂಡ್ ಮೇಲೆ ಸಂಡಿಗೆ ಮೊರ ಇಟ್ಟುಕೊಂಡು ಕಾಗೆ ಕಾಯ್ತಾ ಕೂತಿದ್ದರು. ಸಂಗೀತದ ಮಾತು ಬಂದರೆ ಅವರಿಗೆ ಊರಿನ ಜಂಬ. ಜಂಬಕ್ಕೆ ಕಾರಣವೂ ಉಂಟು ಬಿಡಿ: ಮಲ್ಲಿಕಾರ್ಜುನ ಮನ್ಸೂರ್, ಬಸವರಾಜ ರಾಜಗುರು ಇದ್ದ ಊರು, ಪಕ್ಕದ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್, 1950ರಿಂದ ಆಕಾಶವಾಣಿ ಬೇರೆ. ‘ಮನ್ಸೂರರ ಹಾಡು ಕೇಳಿದರೆ ಏನು ನೆನಪಾಗುತ್ತೆ ವೈನಿ?’ ಅಂದೆ. ರಾಗ, ಘರಾಣೆ ಅಂತ ಶುರುಮಾಡ್ತಾರೆ ಅಂದುಕೊಂಡಿದ್ದೆ.

‘ಮಗ್ಗಿ’ ಅಂದರು. ‘ನಮ್ಮಪ್ಪಾರು ದಿನಾ ಸಂಜಿಗೆ ಮಗ್ಗಿ ಕೇಳ್ತಿದ್ರು. ರೇಡಿಯೋದಾಗ ಮನ್ಸೂರ್ ಹಾಡಾಕ ಕುಂತ್ರು ಅಂದ್ರ ಮುಗೀತು, ಮಗ್ಗಿ ಬಂದ್. ಅವರು ಎಷ್ಟೊತ್ತು ಹಾಡ್ತಾರ ಅಷ್ಟೊತ್ತು ನಾವು ಪಾರು. ಇವತ್ತಿಗೂ ಆ ದನಿ ಕೇಳಿದ್ರ ಹದಿನೇಳರ ಮಗ್ಗಿ ತಪ್ಪಿತು ಅಂತ ಎದಿ ಹಗರ ಆಗ್ತದ ನೋಡ್ರಿ.’

ನಮ್ಮನೆಯವರದು ಇನ್ನೊಂದು ಕತೆ. ಮಂಡ್ಯ ಕಡೆ ಹಳ್ಳಿ, ಟೆಂಟ್ ಸಿನಿಮಾ. ಘಂಟಸಾಲರ ‘ನಮೋ ವೆಂಕಟೇಶ’ ಹಾಕಿದರು ಅಂದರೆ ಟಿಕೆಟ್ ಕೊಡೋಕೆ ಶುರು ಅಂತ ಲೆಕ್ಕ. ಹಳೇ ಮೈಸೂರಿನ ಎಷ್ಟೋ ಟೆಂಟುಗಳಲ್ಲಿ ಇದೇ ಪದ್ಧತಿ. ಉಣ್ಣೋ ತಟ್ಟೆ ಬಿಟ್ಟು ಓಡಿದ್ದೂ ಉಂಟಂತೆ. ಈಗ ದೇವಸ್ಥಾನದಲ್ಲಿ ಅದೇ ಹಾಡು ಬಂದಾಗ ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದರೆ, ಇವರ ಕೈ ಜೇಬಿನಲ್ಲಿ ಚಿಲ್ಲರೆ ತಡಕುತ್ತೆ. ಮಂಗಳಾರತಿ ತಟ್ಟೆಗೆ ಅಂದುಕೊಂಡು ಅರ್ಚಕರು ಖುಷಿಪಡ್ತಾರೆ, ಪಾಪ.

ನನಗೆ ‘ಸಂಪತ್ತಿಗೆ ಸವಾಲ್’ನ ಎಮ್ಮೆ ಹಾಡು. 1974ರ ಸಿನಿಮಾ. ಅಲ್ಲೀವರೆಗೆ ರಾಜ್‌ಕುಮಾರ್ ಅಂದರೆ ಪಿ.ಬಿ. ಶ್ರೀನಿವಾಸರ ಕಂಠ, ಅಣ್ಣಾವ್ರು ಅಪರೂಪಕ್ಕೆ ಹಾಡಿದ್ದರೂ ಜನ ಅವರನ್ನ ಗಾಯಕ ಅಂತ ಒಪ್ಪಿಕೊಂಡಿದ್ದು ಎಮ್ಮೆ ಮೇಲೆ ಕೂತು ಹಾಡಿದ ಮೇಲೇ. ಸಿನಿಮಾ ನಾನು ನೋಡಿದ್ದು ಎಷ್ಟೋ ವರ್ಷದ ನಂತರ. ಹಾಡು ಗೊತ್ತಾಗಿದ್ದು ಬೀದಿಗೆ ಎಮ್ಮೆ ಹೊಡ್ಕೊಂಡು ಬಂದು ಮನೆ ಮುಂದೇ ಹಾಲು ಕರೆದುಕೊಡ್ತಿದ್ದವನಿಂದ. ಅದನ್ನೇ ಶಿಳ್ಳೆ ಹಾಕ್ತಾ ಬರ್ತಿದ್ದ. ಅಮ್ಮ ತಂಬಿಗೆ ಹಿಡಿದು, ನೊರೆ ಪೂರ್ತಿ ಇಳಿಯೋವರೆಗೆ ಅಳತೆ ಒಪ್ಪದೆ ನಿಂತಿರೋಳು. ಅವನು ಶಿಳ್ಳೆ ಮುಂದುವರಿಸೋನು. ಇಬ್ಬರಿಗೂ ಅವಸರವಿಲ್ಲ. ಈಗ ಆ ಹಾಡು ಕೇಳಿದರೆ ನನಗೆ ರಾಜ್‌ಕುಮಾರ್ ಕಾಣೋದಿಲ್ಲ, ತಂಬಿಗೆಯೊಳಗೆ ಇಳೀತಿರೋ ನೊರೆ ಕಾಣುತ್ತೆ.

ಅದಕ್ಕೇ ನನ್ನ ವಾದ: ಆರಿಸಿಕೊಂಡ ಹಾಡಿಗಿಂತ ಗೋಡೆ ದಾಟಿ ಬಂದ ಹಾಡಿಗೇ ನೆನಪು ಹೆಚ್ಚು ಅಂಟೋದು. ಮೆಚ್ಚಿನ ಹಾಡನ್ನ ಗಮನವಿಟ್ಟು ಕೇಳ್ತೀವಿ, ಆಗ ಹಾಡಷ್ಟೇ ಒಳಗಿಳಿಯುತ್ತೆ. ಮೇಲಾಗಿ ಸಾವಿರ ಸಲ ಕೇಳಿ ಕೇಳಿ, ಯಾವ ಒಂದು ದಿನದ ಗುರುತೂ ಅದರ ಮೇಲೆ ಉಳಿಯದ ಹಾಗೆ ಮಾಡಿರ್ತೀವಿ. ಯಾರದೋ ರೇಡಿಯೋ ಕೂಗುವಾಗ ನಾವು ಬೇರೇನೋ ಮಾಡ್ತಿರ್ತೀವಿ. ಹಾಡಿನ ಜೊತೆ ಅದೂ ಬಂದು ಕೂತುಬಿಡುತ್ತೆ.

ವೈನಿ ಒಪ್ಪಲಿಲ್ಲ. ‘ಮತ್ತ ಕ್ಯಾಸೆಟ್ ತುಂಬಿಸಿಕೊಂಡ್ ಬರ್ತಿದ್ವಲ್ರಿ, ಅದು ನಾವ ಆರಿಸಿದ್ದಲ್ಲೇನು?’

ಹೌದು. 1978ರಲ್ಲಿ ‘ನಿತ್ಯೋತ್ಸವ’ ಬಂದ ಮೇಲೆ ಭಾವಗೀತೆಯೂ ಕ್ಯಾಸೆಟ್ಟಿಗೆ ಇಳಿಯಿತು, ಆಮೇಲೆ ನಮಗೆಲ್ಲ ಅದೇ ಹುಚ್ಚು. ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದು ರೆಕಾರ್ಡಿಂಗ್ ಅಂಗಡಿಗೆ ಕೊಟ್ಟರೆ 60 ನಿಮಿಷದ ಕ್ಯಾಸೆಟ್, ಒಂದೊಂದು ಕಡೆಗೆ ಅರ್ಧ ಗಂಟೆ. ಅಂಗಡಿಯವನ ಲೆಕ್ಕ ತಪ್ಪಿ ಎ ಕಡೆಯ ಕೊನೇ ಹಾಡು ಎರಡನೇ ಚರಣದಲ್ಲೇ ಕಡಿದುಹೋಗೋದು. ನನಗೆ ಇವತ್ತಿಗೂ ಆ ಹಾಡು ಅಲ್ಲೇ ಮುಗಿಯಬೇಕು. ಮುಂದೆ ಹೋದರೆ ಯಾರದೋ ಹಾಡಿನ ಹಾಗನ್ನಿಸುತ್ತೆ. ಆರಿಸಿದ್ದು ನಾನೇ ಇರಬಹುದು ವೈನಿ, ನೆನಪಿಟ್ಟುಕೊಂಡಿದ್ದು ಅವನು ಕಡಿದದ್ದನ್ನ.

ನಗುವಷ್ಟರಲ್ಲಿ ಎದುರು ಮನೆ ಹುಡುಗಿಯ ಪಿಟೀಲು ಶುರುವಾಯಿತು. ಮಾಯಾಮಾಳವಗೌಳ, ಜಂಟಿ ವರಸೆ, ದಿನಾ ತಪ್ಪೋ ಜಾಗದಲ್ಲೇ ಮತ್ತೆ ತಪ್ಪು. ‘ಬೈಬೇಡಿ ವೈನಿ, ಇನ್ನೊಂದು ಮೂವತ್ತು ವರ್ಷ ಬಿಟ್ಟು ಈ ತಪ್ಪು ಕೇಳಿಸಿದರೆ ನಿಮಗೆ ಈ ಸಂಡಿಗೆ, ಈ ಬಿಸಿಲು ಎಲ್ಲ ನೆನಪಾಗುತ್ತೆ’ ಅಂದೆ.

‘ಮೂವತ್ತು ವರ್ಷ ಯಾರ್ ಕಾಯ್ತಾರ್ರಿ?’ ಅಂತ ಮೊರ ನನ್ನ ಕೈಗೆ ಕೊಟ್ಟರು. ‘ಕಾಗಿ ನೋಡ್ಕೋತಿರ್ರಿ. ಕಿಟಕಿ ಹಾಕ್ಕೊಂಡ್ ಬಾರಸವ್ವಾ ಅಂತ ಹೇಳಿ ಬರ್ತೀನಿ.’