ಆರು ತಿಂಗಳ ಮಾವ

ಬಿ-2 ಪ್ರವಾಸಿ ವೀಸಾದ ಮೇಲೆ ಅಮೆರಿಕದಲ್ಲಿರುವ ಮಗಳ ಮನೆಗೆ ಬಂದಿಳಿಯುವ, ಬ್ಯಾಂಕಿನಿಂದಲೋ ಎಲ್‌ಐಸಿಯಿಂದಲೋ ನಿವೃತ್ತರಾದ, ಬೆಂಗಳೂರು-ಮೈಸೂರು ಕಡೆಯ ಸಸ್ಯಾಹಾರಿ ಗೃಹಸ್ಥರೇ ಆರು ತಿಂಗಳ ಮಾವ. ವೀಸಾ ಹತ್ತು ವರ್ಷದ್ದು. ಒಂದು ಸಲಕ್ಕೆ ಇರಲು ಸಿಗುವುದು ಸಾಮಾನ್ಯವಾಗಿ ಆರು ತಿಂಗಳು. ಇವೆರಡರಲ್ಲಿ ಯಾವುದು ದೀರ್ಘ ಎಂಬ ಬಗ್ಗೆ ಅಳಿಯಂದಿರಲ್ಲಿ ಒಮ್ಮತವಿಲ್ಲ. ಟೆಕ್ಸಸ್ ರಾಜ್ಯದಲ್ಲಿ, ಡಲ್ಲಾಸ್‌ನ ಉತ್ತರಕ್ಕಿರುವ ಪ್ಲೇನೊ, ಫ್ರಿಸ್ಕೊ ಊರುಗಳಲ್ಲಿ ಈ ಮಾವಂದಿರು ಧಾರಾಳವಾಗಿ ಕಾಣಸಿಗುತ್ತಾರೆ. ಇಲ್ಲಿ ಉದಾಹರಣೆಗೆ ಆರಿಸಿಕೊಂಡಿರುವವರು ಫ್ರಿಸ್ಕೊದವರು. ಅವರ ಅಳಿಯನ ಹೆಸರು ಅಪ್ರಸ್ತುತ.

ಮಾವ ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಾರೆ. ಮೊದಲ ವಾರ ಅದಕ್ಕೆ ಜೆಟ್‌ಲ್ಯಾಗ್ ಎಂದು ಹೆಸರು, ಆಮೇಲೆ ಅಭ್ಯಾಸ ಎಂದು. ಮನೆಯ ದೀಪಗಳನ್ನೆಲ್ಲ ಆರಿಸಿ, ಎ.ಸಿ.ಯನ್ನು ಎರಡು ಡಿಗ್ರಿ ಏರಿಸಿ, ವಾಕಿಂಗಿಗೆ ಹೊರಡುತ್ತಾರೆ. ಡಿಶ್‌ವಾಷರನ್ನು ನಂಬುವುದಿಲ್ಲ, ಪಾತ್ರೆಗಳನ್ನು ಕೈಯಲ್ಲಿ ತೊಳೆದು ಅದರೊಳಗೆ ಒಣಗಲು ಇಡುತ್ತಾರೆ. ಕಾರಿಲ್ಲದೆ ಹಾಲಿನ ಅಂಗಡಿಗೂ ಹೋಗಲಾಗದ ಊರಾದ್ದರಿಂದ ಸೋಮವಾರದಿಂದ ಶುಕ್ರವಾರದವರೆಗೆ ಒಂದು ಬಗೆಯ ಗೃಹಬಂಧನ. ಶನಿವಾರ ಬಿಡುಗಡೆ: ಬೆಳಗ್ಗೆ ಫ್ರಿಸ್ಕೊದ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನ, ಮಧ್ಯಾಹ್ನ ಹೋಟೆಲ್.

ಹೋಟೆಲುಗಳಲ್ಲಿ ಭಾರತೀಯ ಹೋಟೆಲಿನ ವಿಷಯ ಬೇಗ ಮುಗಿಯುತ್ತದೆ. ಮಸಾಲೆದೋಸೆಯ ಬೆಲೆ ಹನ್ನೆರಡು ಡಾಲರ್ ಎಂದು ಮೆನುವಿನಲ್ಲಿದ್ದರೆ ಮಾವ ಅದನ್ನು 85ರಿಂದ ಗುಣಿಸಿ, "ಸಾವಿರದ ಇಪ್ಪತ್ತು!" ಎಂದು ಪಕ್ಕದ ಟೇಬಲಿಗೂ ಕೇಳಿಸುವಂತೆ ಹೇಳುತ್ತಾರೆ. ಆಮೇಲೆ ಗಾಂಧಿಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ಪ್ರಸ್ತಾಪ ಬರುತ್ತದೆ. ದೋಸೆಯನ್ನು ಚೂರೂ ಬಿಡದೆ ತಿನ್ನುತ್ತಾರೆ.

ಟೆಕ್ಸ್-ಮೆಕ್ಸ್, ಅಂದರೆ ಟೆಕ್ಸಸ್ ಶೈಲಿಯ ಮೆಕ್ಸಿಕನ್ ಅಡುಗೆಯ ಹೋಟೆಲಿನದು ಬೇರೆಯೇ ಕಥೆ. ಕೂತ ತಕ್ಷಣ ಐಸು ತುಂಬಿದ ನೀರು ಬರುತ್ತದೆ. ಮಾವ ಬಿಸಿನೀರು ಕೇಳುತ್ತಾರೆ. ಕಪ್ಪಿನಲ್ಲಿ ನಿಂಬೆಹೋಳಿನ ಸಮೇತ ಅದೂ ಬರುತ್ತದೆ. "ನೋ ಮೀಟ್, ನೋ ಫಿಶ್, ನೋ ಎಗ್, ನೋ ಚಿಕನ್" ಎಂದು ಬೆರಳು ಮಡಿಸಿ ಹೇಳಿದ ಮೇಲೆ ಬಡಿಸುವ ಹುಡುಗಿ ನಗುಮುಖದಿಂದಲೇ, ಸಿಗಡಿ ಪರವಾಗಿಲ್ಲವೇ ಎಂದು ವಿಚಾರಿಸುತ್ತಾಳೆ. ಮಾವನ ಶಂಕೆಗೆ ಆಧಾರವಿಲ್ಲದಿಲ್ಲ. ಬೇಯಿಸಿ ಕಿವುಚಿದ ಬೀನ್ಸಿಗೆ ಹಂದಿಯ ಕೊಬ್ಬು ಹಾಕುವುದು ಅಲ್ಲಿನ ಹಳೆಯ ಪದ್ಧತಿ, ಕೆಂಪಗಿನ ಅನ್ನ ಕೋಳಿಯ ಸಾರಿನಲ್ಲಿ ಬೆಂದಿರುವುದೂ ಉಂಟು. ಹೀಗಾಗಿ ಅಡುಗೆಮನೆಗೆ ಮೂರು ಸಲ ವಿಚಾರಣೆ ಹೋಗುತ್ತದೆ. ಅಷ್ಟರಲ್ಲಿ ಬಿಟ್ಟಿಯಾಗಿ ಇಟ್ಟ ಜೋಳದ ಚಿಪ್ಸು, ಸಾಲ್ಸಾ ಎರಡು ಬುಟ್ಟಿ ಖಾಲಿಯಾಗಿ ಮಾವನ ಹೊಟ್ಟೆ ತುಂಬಿರುತ್ತದೆ. ದುಡ್ಡು ಕೊಟ್ಟು ತರಿಸಿದ್ದು ಡಬ್ಬಿಗೆ ಹೋಗುತ್ತದೆ.

ನಿಜವಾದ ಪ್ರಕರಣ ಬಿಲ್ಲು ಬಂದ ಮೇಲೆ. ಒಂದು ಶನಿವಾರದ ಬಿಲ್ಲು ಹೀಗಿತ್ತು: ಊಟ 46 ಡಾಲರ್, ಶೇ. 8.25ರ ಸೇಲ್ಸ್ ಟ್ಯಾಕ್ಸ್ 3.80, ಒಟ್ಟು 49.80. ಅಳಿಯ ಒಟ್ಟು ಮೊತ್ತಕ್ಕೆ ಶೇ. 20ರಂತೆ 9.96 ಟಿಪ್ ಬರೆದ. ಮಾವ ಕನ್ನಡಕ ಏರಿಸಿಕೊಂಡರು.

"ಅಳಿಯಂದ್ರೇ, ಇದು ತಪ್ಪು ಎಂಟ್ರಿ. ಟಿಪ್ಪು ಊಟಕ್ಕೆ. ಟ್ಯಾಕ್ಸು ಸರ್ಕಾರದ್ದು. ಅದನ್ನೇನು ಈ ಹುಡುಗಿ ಬಡಿಸಿದ್ಳಾ?"

"76 ಸೆಂಟು ತಾನೆ, ಬಿಡಿ ಮಾವ."

"65 ರೂಪಾಯಿ! ಒಂದು ಪ್ಲೇಟ್ ಇಡ್ಲಿ."

ಮಗಳು "ಅಪ್ಪಾ, ಎಲ್ಲರೂ ನೋಡ್ತಿದ್ದಾರೆ" ಎಂದಳು. ಎಲ್ಲರೂ ನೋಡುತ್ತಿದ್ದುದು ನಿಜ. ಆ ಹುಡುಗಿಯೂ ಎರಡು ಮಾರು ದೂರದಲ್ಲಿ ನಿಂತು ಗೋಡೆಯ ಮೇಲಿನ ಸಾಂಬ್ರೆರೋ ಟೋಪಿಯನ್ನು ಪರಿಶೀಲಿಸುತ್ತಿದ್ದಳು. ಶಿಷ್ಟಾಚಾರ ಬಲ್ಲವರು ಟಿಪ್ಪನ್ನು ಟ್ಯಾಕ್ಸಿಗೆ ಮುಂಚಿನ ಮೊತ್ತಕ್ಕೇ ಲೆಕ್ಕ ಹಾಕಬಹುದು ಎನ್ನುತ್ತಾರೆ, ಅಂದರೆ ಮಾವನ ವಾದ ಸರಿಯೇ. ಇದು ಅಳಿಯನಿಗೆ ಸಮಾಧಾನ ತರುವ ಸಂಗತಿಯಲ್ಲ.

ವಾಪಸು ಬರುವಾಗ ಅಳಿಯ, ಸ್ವಲ್ಪ ಸಿಟ್ಟಿನಲ್ಲೇ, ಆ ಹುಡುಗಿಯ ಸಂಬಳದ ವಿಷಯ ತೆಗೆದ. ಟಿಪ್ ಪಡೆಯುವ ಕೆಲಸಗಾರರಿಗೆ ಮಾಲೀಕ ಕೈಯಿಂದ ಕೊಡಲೇಬೇಕಾದ ಕನಿಷ್ಠ ಕೂಲಿ ಅಮೆರಿಕದ ಒಕ್ಕೂಟ ಕಾನೂನಿನಂತೆ ಗಂಟೆಗೆ 2.13 ಡಾಲರ್, 1991ರಿಂದ ಅದು ಏರಿಲ್ಲ. ಹಲವು ರಾಜ್ಯಗಳು ತಾವೇ ಹೆಚ್ಚಿಸಿಕೊಂಡಿವೆ, ಟೆಕ್ಸಸ್ ಹೆಚ್ಚಿಸಿಲ್ಲ. ಟಿಪ್ಪೂ ಸೇರಿ ಗಂಟೆಗೆ 7.25 ಡಾಲರ್ ಮುಟ್ಟದಿದ್ದರೆ ಮಾತ್ರ ಉಳಿದದ್ದನ್ನು ಮಾಲೀಕ ತುಂಬಬೇಕು.

ಮಾವ ಗುಣಿಸಲಿಲ್ಲ. "1991ರಿಂದ ಒಂದು ಡಿ.ಎ. ಕೂಡ ಇಲ್ವೇ?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಯೂನಿಯನ್ನು ಏನು ಮಾಡ್ತಿದೆ?"

ಈ ಮಾವ ತಮ್ಮ ಬ್ಯಾಂಕಿನಲ್ಲಿ ಯೂನಿಯನ್ ಕಾರ್ಯದರ್ಶಿಯಾಗಿದ್ದವರು. ಅದಕ್ಕೂ ಮುಂಚೆ ಹಾಸನದಲ್ಲಿ ವಾರಾನ್ನ ಉಂಡು ಓದಿದವರು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು, ಗುರುವಾರಕ್ಕೆ ಮನೆ ಸಿಕ್ಕದೆ ಉಪವಾಸ. ತಟ್ಟೆಯಲ್ಲಿ ಬಿಡದಿರುವುದು, ಡಬ್ಬಿ ಕಟ್ಟಿಸುವುದು, ಬಡಿಸುವವರ ಮುಖವನ್ನೇ ನೋಡುತ್ತ ಕೂರುವುದು, ಎಲ್ಲವೂ ಅಲ್ಲಿಂದ ಬಂದದ್ದು. ಅಳಿಯನಾದವನು ಇದನ್ನು ಮೊದಲೇ ಊಹಿಸಬಹುದಿತ್ತು, ಆದರೆ ಅವನ ಗಮನವೆಲ್ಲ ಪಕ್ಕದ ಟೇಬಲಿನ ಮೇಲಿರುತ್ತಿತ್ತು.

ಮುಂದಿನ ವಾರದಿಂದ ಮಾವ ತಟ್ಟೆಯ ಕೆಳಗೆ ತಮ್ಮ ಸ್ವಂತದ ಐದು ಡಾಲರ್ ನೋಟು ಇಡತೊಡಗಿದರು. ಬಿಲ್ಲಿನ ಟಿಪ್ಪನ್ನು ಮಾತ್ರ 46ರ ಮೇಲೇ ಹಾಕಿಸಿದರು. ಅದು ತತ್ತ್ವದ ಪ್ರಶ್ನೆ, ನೋಟಿನದು ಬೇರೆ ಖಾತೆ.

ಎರಡನೆಯ ಬಾರಿ ಬರುವ ಮಾವ ತುಸು ಪಳಗಿರುತ್ತಾರೆ. ಬಿಸಿನೀರಿಗೆ ಫ್ಲಾಸ್ಕು ತಂದಿರುತ್ತಾರೆ. ಬೀನ್ಸಿನ ಬಗ್ಗೆ ಒಂದೇ ಸಲ ಕೇಳುತ್ತಾರೆ. ಸಂಜೆ ಪಾರ್ಕಿನ ಬೆಂಚಿನಲ್ಲಿ ಹೊಸದಾಗಿ ಬಂದ ಮಾವಂದಿರು ಇವರ ಸುತ್ತ ಸೇರುತ್ತಾರೆ. ಅವರಿಗೆ ನಡೆಯುವ ಪಾಠದಲ್ಲಿ ಮೊದಲನೆಯದು ಟಿಪ್ ಕೊಡಲೇಬೇಕು ಎಂಬುದು, ಎರಡನೆಯದು ಟ್ಯಾಕ್ಸಿನ ಮೇಲೆ ಕೊಡಕೂಡದು ಎಂಬುದು. ಇಷ್ಟರಲ್ಲೇ ಆ ಊರಿನ ಇನ್ನೂ ನಾಲ್ಕೈದು ಅಳಿಯಂದಿರಿಗೆ ಇದು ತಿಳಿದುಬರಲಿದೆ.