ಪಾರ್ಟಿ ಮೀಮಾಂಸೆ

ಅನುಬಂಧ ಚತುಷ್ಟಯವನ್ನು ಹೇಳದೆ ಯಾವ ಶಾಸ್ತ್ರಗ್ರಂಥವೂ ಶುರುವಾಗಕೂಡದು. ಆದ್ದರಿಂದ ಅದನ್ನು ಮೊದಲೇ ಮುಗಿಸಿಬಿಡುತ್ತೇನೆ. ಈ ಗ್ರಂಥದ ವಿಷಯ: ಬಿಜೂರಿನ ಜಾಗದ ಬ್ರೋಕರ್. ಅಧಿಕಾರಿ, ಎಂದರೆ ಇದನ್ನು ಓದಲು ಅರ್ಹರಾದವರು: ಒಂದು ಹೆಂಚಿನ ಮನೆ, ಒಂದು ಬಾವಿ ಮತ್ತು ಬೆಂಗಳೂರಿನಲ್ಲಿ ಹೋಟೆಲು ನಡೆಸುವ ಮೂವರು ಅಣ್ಣತಮ್ಮಂದಿರು, ಈ ಮೂರನ್ನೂ ಒಟ್ಟಿಗೆ ಹೊಂದಿರುವ ಯಾರಾದರೂ. ಸಂಬಂಧ: ಹಳಸಿದೆ. ಪ್ರಯೋಜನ: ಶೇಕಡಾ ಎರಡು, ಎರಡೂ ಕಡೆಯಿಂದ.

ಅಧ್ಯಯನದ ಕ್ಷೇತ್ರ ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನಲ್ಲಿದೆ. ರಾಷ್ಟ್ರೀಯ ಹೆದ್ದಾರಿ 66 ಇದೆ, ಕೊಂಕಣ ರೈಲ್ವೆಯ ಸಣ್ಣದೊಂದು ನಿಲ್ದಾಣವೂ ಇದೆ. ಬಹುಪಾಲು ವೇಗದ ಗಾಡಿಗಳು ಬಿಜೂರಿಗೆ ಸೀಟಿ ಹೊಡೆದು, ಮುಂದಿನ ಮೂಕಾಂಬಿಕಾ ರೋಡ್ ಬೈಂದೂರಿನ ದಾರಿ ಹಿಡಿಯುತ್ತವೆ. ಬ್ರೋಕರ್ ಹೇಳುವ ಪಾರ್ಟಿಯೂ ಅದೇ ಗಾಡಿಯಲ್ಲಿ ಕೂತಿರಬೇಕು ಎಂಬುದು ಊರವರ ಗುಮಾನಿ.

ಪಾರ್ಟಿ ಯಾರು? ಈ ಶಾಸ್ತ್ರದ ಮೂಲ ಜಿಜ್ಞಾಸೆ ಇದೇ. "ಪಾರ್ಟಿ ಇತ್ತ್ ಅಕ್ಕ, ಬಪ್ಪು ವಾರ ಬತ್ರ್, ಕ್ಯಾಶ್ ಪಾರ್ಟಿ" ಎಂಬ ವಾಕ್ಯವನ್ನು ಜಗಲಿಯಲ್ಲಿ ಕೂತು ಕೇಳದ ಮನೆ ಈ ಸುತ್ತಿನಲ್ಲಿಲ್ಲ. ಹಾಗೆಂದು ಪಾರ್ಟಿ ಇದ್ದಾನೆಂದು ನಂಬುವುದು ಹೇಗೆ? ಪ್ರಮಾಣ ಬೇಕು. ಉಡುಪಿಯ ಸೀಮೆಯಲ್ಲಿದ್ದುಕೊಂಡು ಆಚಾರ್ಯ ಮಧ್ವರ ಮಾತನ್ನು ಮೀರಲಾಗದು. ಅವರ ಮತದಲ್ಲಿ ಪ್ರಮಾಣಗಳು ಮೂರು: ಪ್ರತ್ಯಕ್ಷ, ಅನುಮಾನ, ಆಗಮ. ಪ್ರತ್ಯಕ್ಷದ ಮಾತು ಬೇಡ. ಪಾರ್ಟಿಯನ್ನು ಕಣ್ಣಾರೆ ಕಂಡವರಿಲ್ಲ. ಅನುಮಾನವನ್ನು ನೋಡೋಣ. ಗುಡ್ಡದಲ್ಲಿ ಹೊಗೆಯಿದ್ದರೆ ಬೆಂಕಿಯಿದೆ. ಅಂತೆಯೇ ಗೇಟಿನೆದುರು ಬ್ರೋಕರನ ಸ್ಕೂಟರ್ ಇದ್ದರೆ ಪಾರ್ಟಿಯಿದ್ದಾನೆ. ಇಲ್ಲಿ ಹೇತ್ವಾಭಾಸವಿದೆ. ಮೇ ತಿಂಗಳಲ್ಲಿ ಆ ಸ್ಕೂಟರ್ ಮಾವಿನಹಣ್ಣಿಗೂ ಬರುತ್ತದೆ, ಆಸಾಡಿಯಲ್ಲಿ ಪತ್ರೊಡೆಗೂ ಬರುತ್ತದೆ.

ಉಳಿದದ್ದು ಆಗಮ. ಬ್ರೋಕರನ ವಾಕ್ಯವನ್ನು ವೇದದಂತೆ ಅಪೌರುಷೇಯವೆಂದೇ ಒಪ್ಪಬೇಕಾಗುತ್ತದೆ. "ಈ ರೇಟ್ ಯಾರು ಹೇಳಿದ್ದು?" ಎಂದು ಕೇಳಿದರೆ "ಹಾಂಗ್ ಹೇಳ್ತ್ರ್" ಎನ್ನುತ್ತಾನೆ. ವಾಕ್ಯವಿದೆ, ಹೇಳಿದವನಿಲ್ಲ. ಭಾಟ್ಟ ಮೀಮಾಂಸಕರು ಅನುಪಲಬ್ಧಿ ಎಂಬ ಇನ್ನೊಂದು ಪ್ರಮಾಣವನ್ನು ಒಪ್ಪುತ್ತಾರೆ: ನೆಲದ ಮೇಲೆ ಗಡಿಗೆ ಕಾಣಲಿಲ್ಲವೆಂದರೆ ಗಡಿಗೆ ಇಲ್ಲ. ನಮ್ಮ ಬ್ರೋಕರ್ ಅದನ್ನು ಖಂಡಿಸುತ್ತಾನೆ. ಅವನ ಸಿದ್ಧಾಂತದಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಅದು ದುಬೈಯಲ್ಲಿದೆ, ರಜೆ ಸಿಕ್ಕ ಕೂಡಲೇ ಬರುತ್ತದೆ.

ತತ್ತ್ವವಾದದ ಪಂಚಭೇದವೂ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಬಿಜೂರಿನ ಜಾಗದಲ್ಲಿ ಈ ಐದು ಭೇದಗಳು ನಿತ್ಯ, ಸತ್ಯ. ಯಜಮಾನರು ಹೇಳುವ ರೇಟಿಗೂ ಕೊಳ್ಳುವವರು ಹೇಳುವ ರೇಟಿಗೂ ಭೇದ. ಪಹಣಿಯಲ್ಲಿರುವ ವಿಸ್ತೀರ್ಣಕ್ಕೂ ಬೇಲಿಯೊಳಗಿನ ವಿಸ್ತೀರ್ಣಕ್ಕೂ ಭೇದ. ಸರಕಾರ 2023ರ ಅಕ್ಟೋಬರ್ 1ರಿಂದ ಪರಿಷ್ಕರಿಸಿದ ಮಾರ್ಗಸೂಚಿ ದರಕ್ಕೂ ಕೈಯಿಂದ ಕೈಗೆ ಹೋಗುವ ದುಡ್ಡಿಗೂ ಭೇದ. ಅಣ್ಣನಿಗೂ ತಮ್ಮನಿಗೂ ಭೇದ. ಐದನೆಯದು ಬ್ರೋಕರ್ ನಿನ್ನೆ ಹೇಳಿದ್ದಕ್ಕೂ ಇವತ್ತು ಹೇಳುವುದಕ್ಕೂ ಇರುವ ಭೇದ. ಇದರ ಮೇಲೆ ಟೀಕೆ ಬರೆಯಹೊರಟವರು ಗ್ರಂಥ ಮುಗಿಸಿದ್ದಿಲ್ಲ.

ಎರಡನೆಯ ಭೇದಕ್ಕೆ ಸ್ವಲ್ಪ ವ್ಯಾಖ್ಯಾನ ಬೇಕು. ಹಳೆ ದಕ್ಷಿಣ ಕನ್ನಡದಲ್ಲಿ ವರ್ಗದ ಜಮೀನಿನ ಅಂಚಿನಿಂದ 100 ಗಜದೊಳಗಿನ ಸರಕಾರಿ ಜಾಗಕ್ಕೆ ಕುಮ್ಕಿ ಎಂದು ಹೆಸರು. ಸೊಪ್ಪು ಸೌದೆ ತರಬಹುದು, ದನ ಮೇಯಿಸಬಹುದು, ಮಾರುವ ಹಕ್ಕಿಲ್ಲ. ಬ್ರೋಕರ್ ಜಾಗ ತೋರಿಸುವಾಗ ಕೈಯನ್ನು ಉದ್ದಕ್ಕೆ ಚಾಚಿ "ಆ ಗೋಳಿಮರದ ವರೆಗೂ" ಎನ್ನುತ್ತಾನೆ. ಆ ಕೈಯಲ್ಲಿ ಮೊಣಕೈವರೆಗೆ ವರ್ಗ, ಅಲ್ಲಿಂದಾಚೆ ಕುಮ್ಕಿ, ಬೆರಳ ತುದಿಯಲ್ಲಿ ಡೀಮ್ಡ್ ಫಾರೆಸ್ಟ್.

ಅಳತೆಯ ವಿಚಾರದಲ್ಲೂ ಒಂದು ಇತಿಹಾಸವಿದೆ. ಕೆನರಾ ಜಿಲ್ಲೆ ಎರಡಾದಾಗ ಕುಂದಾಪುರ ತಾಲೂಕು ಮೊದಲು ಉತ್ತರದ ಪಾಲಿಗೆ ಬಿದ್ದಿತ್ತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಹೋಗುವಾಗ ಕುಂದಾಪುರವನ್ನು ಬಿಟ್ಟು ಹೋಯಿತು; ನಾವು 1956ರವರೆಗೆ ಮದ್ರಾಸಿನಲ್ಲೇ ಉಳಿದೆವು. ಅದಕ್ಕೇ ಶಿರೂರು ದಾಟಿದರೆ ಭಟ್ಕಳದವರದು ಗುಂಟೆ ಲೆಕ್ಕ, ಇಲ್ಲಿ ನಮ್ಮದು ಸೆನ್ಸ್. ಎಕರೆಗೆ ನೂರು ಸೆನ್ಸ್, ನಲವತ್ತು ಗುಂಟೆ. ಒಂದು ಗುಂಟೆಗೆ ಎರಡೂವರೆ ಸೆನ್ಸ್. ನಮ್ಮ ಬ್ರೋಕರನಿಗೆ ಎರಡು ಪ್ರಾಂತಗಳ ವಿದ್ಯೆಯೂ ಸಿದ್ಧಿಸಿದೆ: ವಿಸ್ತೀರ್ಣ ಹೇಳುವಾಗ ಸೆನ್ಸ್, ಏಕೆಂದರೆ ಅಂಕಿ ದೊಡ್ಡದಾಗಿ ಕೇಳಿಸುತ್ತದೆ, ಬೆಂಗಳೂರಿನವರಿಗೆ ರೇಟ್ ಹೇಳುವಾಗ ಚದರಡಿ, ಏಕೆಂದರೆ ಅಂಕಿ ಚಿಕ್ಕದಾಗಿ ಕೇಳಿಸುತ್ತದೆ. ದೂರವನ್ನು ಮಾತ್ರ ಅವನು ನಿಮಿಷದಲ್ಲೇ ಅಳೆಯುತ್ತಾನೆ. ಹೈವೇಗೆ ಐದು ನಿಮಿಷ, ಒತ್ತಿನೆಣೆಗೆ ಹತ್ತು ನಿಮಿಷ, ಕೊಲ್ಲೂರಿಗೆ "ಹಿಂಗ್ ಹೋಯಿ ಹಾಂಗ್ ಬಪ್ಪುದ್".

ಕಾಲನಿರ್ಣಯ ಪ್ರಕರಣ ಚಿಕ್ಕದು. ಆಸಾಡಿಯಲ್ಲಿ ಜಾಗ ನೋಡಲು ಮಳೆ ಬಿಡದು. ಸೋಣೆಯಲ್ಲಿ ಹಬ್ಬಗಳು. ಆಮೇಲೆ ಪಿತೃಪಕ್ಷ, ಆಗ ಟೋಕನ್ ಕೊಟ್ಟವರುಂಟೆ? ನವರಾತ್ರಿ ಕಳೆಯಲಿ, ದೀಪಾವಳಿ ಕಳೆಯಲಿ, ಯಕ್ಷಗಾನ ಮೇಳ ತಿರುಗಾಟಕ್ಕೆ ಹೊರಡಲಿ, ಜನವರಿಯ ಮಾರಣಕಟ್ಟೆ ಹಬ್ಬ ಆಗಲಿ, ಕೊಲ್ಲೂರು ತೇರು ಆಗಲಿ, ಪಾರ್ಟಿಯ ಮಗಳ ಪರೀಕ್ಷೆ ಮುಗಿಯಲಿ. ಮುಗಿಯುವ ಹೊತ್ತಿಗೆ ಏಪ್ರಿಲ್ ಬಂದಿರುತ್ತದೆ. ಮಂದಾರ್ತಿ ಮೇಳದ ಹರಕೆಯಾಟಕ್ಕೂ ವರ್ಷಗಟ್ಟಲೆ ಕಾಯಬೇಕು, ಆದರೆ ಅಲ್ಲಿ ಸರದಿಯೆಂಬುದು ಬಂದೇ ಬರುತ್ತದೆ.

ಏಪ್ರಿಲಿನ ಸಮಸ್ಯೆ ಬೇರೆ. ಕ್ಷೇತ್ರಕಾರ್ಯದಲ್ಲಿ ನನಗೆ ಸಿಕ್ಕ ಮುಖ್ಯ ವಕ್ತೃ ಒಬ್ಬರು ಅಕ್ಕ. ಪಕ್ಕದ ಖಾಲಿ ಮನೆಯ ಬೀಗದ ಕೈ ಇರುವುದು ಅವರ ಹತ್ತಿರ. ಪಾರ್ಟಿ ಬರುತ್ತಾನೆಂದು ಫೋನು ಬಂದಾಗಲೆಲ್ಲ ಹೋಗಿ ಬಾಗಿಲು ತೆಗೆದು, ಬಾವಲಿಯ ಹಿಕ್ಕೆ ಗುಡಿಸಿ, ದಾರಂದಕ್ಕೆ ಹತ್ತಿದ ಗೆದ್ದಲನ್ನು ಪೊರಕೆಯ ಹಿಡಿಯಿಂದ ಕೆರೆದು, ಪಂಪು ಚಾಲೂ ಮಾಡಿ ನೀರು ಬರುತ್ತದೆಂದು ಖಾತ್ರಿ ಮಾಡಿಕೊಂಡು ಅವರು ಮೆಟ್ಟಿಲ ಮೇಲೆ ಕೂರಬೇಕು. ಕಡಲು ಹತ್ತಿರದ ಬಾವಿ, ಬೇಸಿಗೆಯಲ್ಲಿ ನೀರು ಉಪ್ಪಾಗುತ್ತದೆ. ಬ್ರೋಕರ್ ಮೊದಲೇ ಎಚ್ಚರಿಸಿದ್ದಾನೆ: "ಅಕ್ಕ, ಅವ್ರಿಗೆ ಬೊಂಡ ಕೊಡಿ, ಬಾವಿ ನೀರ್ ಕೊಡ್ಬೇಡಿ." ಬೊಂಡ ಅಕ್ಕನ ಮರದ್ದು. ಕಮಿಷನ್ನಿನಲ್ಲಿ ಆ ಬೊಂಡದ ಬಾಬ್ತು ಯಾವ ಕಲಮಿನಲ್ಲಿ ಬರುತ್ತದೆಂದು ಅವರು ನನ್ನನ್ನೇ ಕೇಳಿದರು. ಅದೇ ಮನೆಯ ತೆಂಗಿನ ಮರಕ್ಕೆ ಹೊಡೆದ "ಜಾಗ ಮಾರಾಟಕ್ಕಿದೆ" ಫ್ಲೆಕ್ಸಿನ ಮೇಲೆ ಈಗ ಕಾಳುಮೆಣಸಿನ ಬಳ್ಳಿ ಹಬ್ಬಿದೆ. ಫೋನ್ ನಂಬರಿನಲ್ಲಿ ಓದಲು ಸಿಗುವುದು ಮೊದಲ ನಾಲ್ಕು ಅಂಕಿ ಮಾತ್ರ. ಬಳ್ಳಿ ಫಸಲು ಕೊಟ್ಟಿದೆ. ಆ ಬೋರ್ಡಿನಿಂದ ಇಷ್ಟರವರೆಗೆ ಬಂದ ಹುಟ್ಟುವಳಿ ಅದೊಂದೇ.

ಕಾನೂನಿಗೆ ಮೊರೆ ಹೋಗಬಾರದೆ ಎಂದು ಓದುಗರು ಕೇಳಬಹುದು. ರೇರಾ ಎಂದು ಹೆಸರಾದ 2016ರ ಕಾಯ್ದೆಯ 9ನೇ ಕಲಮಿನಂತೆ ಏಜೆಂಟ್ ನೋಂದಣಿ ಮಾಡಿಸಿಕೊಳ್ಳಬೇಕು. 10ನೇ ಕಲಮಿನಂತೆ ಸುಳ್ಳು ಹೇಳಿ ನಂಬಿಸಬಾರದು. ಆದರೆ ಇದೆಲ್ಲ ನೋಂದಾಯಿತ ಯೋಜನೆಗಳ ಮಾತು. 500 ಚದರ ಮೀಟರ್ ಮೀರದ, ಎಂದರೆ ಹನ್ನೆರಡು ಸೆನ್ಸ್ ಚಿಲ್ಲರೆಯ ಜಾಗದ ಯೋಜನೆಗೆ ಆ ನೋಂದಣಿಯೇ ಬೇಡ. ಅಜ್ಜಯ್ಯ ಕಟ್ಟಿದ ಮನೆಯಂತೂ ಯೋಜನೆಯೇ ಅಲ್ಲ. ಅಡುಗೆಮನೆ ಇರುವ ಜಾಗ ನೋಡಿದವರಿಗೆ ಇದು ತಾನೇ ತಿಳಿಯುತ್ತದೆ.

ಇಲ್ಲಿಗೆ ಪೂರ್ವಪಕ್ಷ ಮುಗಿಯಿತು. ಊರವರು ಬ್ರೋಕರನ ಮೇಲೆ ಹೊರಿಸಿದ ದೂರುಗಳನ್ನೆಲ್ಲ ಹೇಳಿಯಾಯಿತು. ಆದರೆ ನ್ಯಾಯವಾಗಿ ನೋಡಿದರೆ, ಅವನಿಗೆ ಮಾರಲು ಕೊಟ್ಟದ್ದಾದರೂ ಎಂಥ ಜಾಗ? 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಕೊಟ್ಟು ಅಜ್ಜಯ್ಯನ ಹೆಸರಿಗಾದ ಜಾಗ. ಅಜ್ಜಯ್ಯ ಹೋದರು, ಪಹಣಿಯಲ್ಲಿ ಅವರಿನ್ನೂ ಇದ್ದಾರೆ. ಹನ್ನೊಂದು ಜನ ವಾರಸುದಾರರಲ್ಲಿ ಒಬ್ಬರು ಡೊಂಬಿವಲಿಯಲ್ಲಿ, ಇಬ್ಬರು ಹೈದರಾಬಾದಿನಲ್ಲಿ, ಒಬ್ಬರು ಮಾತು ಬಿಟ್ಟು ಪಕ್ಕದ ಮನೆಯಲ್ಲೇ. ಭಾಗ ಮಾಡಿ ಮಾರಲು 11ಇ ನಕ್ಷೆ ಬೇಕು, ಮನೆ ಕಟ್ಟುವವನಿಗೆ ಕನ್ವರ್ಷನ್ ಬೇಕು, ಪಂಚಾಯಿತಿಯಿಂದ ನೈನ್ ಇಲೆವನ್ ನಮೂನೆ ಬೇಕು. ಇಷ್ಟೆಲ್ಲ ದಾಟಿ ನೋಂದಣಿಗೆ ಹೋದರೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು. ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. ಎಲ್ಲಕ್ಕಿಂತ ಮಿಗಿಲಾಗಿ ಈಶಾನ್ಯದಲ್ಲಿ ನಾಗಬನ. ಜಾಗ ಮಾರುತ್ತಾರಂತೆ, ನಾಗನನ್ನು ಬಿಟ್ಟುಕೊಡುವುದಿಲ್ಲವಂತೆ. ಪಂಚಮಿಗೆ ತನು ಹೊಯ್ಯಲು ದಾರಿ ಬೇಕು, ಹಾಯ್ಗುಳಿ ದೈವದ ಕಲ್ಲಿಗೆ ಇನ್ನೊಂದು ದಾರಿ ಬೇಕು. ಹತ್ತು ಸೆನ್ಸಿನಲ್ಲಿ ಎರಡು ದಾರಿ ಬಿಟ್ಟರೆ ಪಾರ್ಟಿ ಮನೆ ಕಟ್ಟುವುದು ಮರದ ಮೇಲೆ. ಇದನ್ನೆಲ್ಲ "ಪಾಸಿಟಿವ್ ಎನರ್ಜಿ ಇಪ್ಪು ಜಾಗ" ಎಂಬ ಒಂದು ಮಾತಿನಲ್ಲಿ ಕಟ್ಟಿಕೊಡುವ ಬ್ರೋಕರನನ್ನು ಆಲಂಕಾರಿಕರ ಸಾಲಿನಲ್ಲಿ ನಿಲ್ಲಿಸಿದರೂ ತಪ್ಪಿಲ್ಲ.

ಸಿದ್ಧಾಂತ ಹೀಗಿದೆ: ಬಿಜೂರಿನವರಿಗೆ ಜಾಗ ಮಾರುವುದು ಬೇಡ. ರೇಟ್ ಗೊತ್ತಾಗಬೇಕು, ಅಷ್ಟೆ. ಬೆಂಗಳೂರಿನ ಅಣ್ಣ ತಿಂಗಳಿಗೊಮ್ಮೆ ಫೋನು ಮಾಡಿ ತಾಯಿಯ ಕಾಲುನೋವು ವಿಚಾರಿಸಿದ ಮೇಲೆ ಕೇಳುವ ಎರಡನೇ ಪ್ರಶ್ನೆ "ಈಗ ಸೆನ್ಸಿಗೆ ಎಷ್ಟ್ ನಡಿತಿತ್?" ಬ್ರೋಕರ್ ಮಾರುವ ಸರಕು ಇದಕ್ಕೆ ಉತ್ತರ. ಅದನ್ನು ಅವನು ಪುಕ್ಕಟೆ ಕೊಡುತ್ತಾನೆ, ಸ್ವಂತ ಪೆಟ್ರೋಲಿನಲ್ಲಿ ಬಂದು ಕೊಡುತ್ತಾನೆ. ಪಾರ್ಟಿ ಬಂದರೆ ಮಾತ್ರ ಎಲ್ಲ ಕೆಡುತ್ತದೆ.

ಇದಕ್ಕೆ ದೃಷ್ಟಾಂತವೂ ಉಂಟು. ಒಮ್ಮೆ ಪಾರ್ಟಿ ನಿಜವಾಗಿಯೂ ಬಂದ. ಹೆಂಡತಿಯೊಡನೆ ಕಾರಿನಲ್ಲಿ ಬಂದು, ಬೊಂಡ ಕುಡಿದು, ನಾಗನಿಗೆ ಕೈಮುಗಿದು, ಯಜಮಾನರು ಹೇಳಿದ ರೇಟಿಗೆ ಚೌಕಾಸಿಯಿಲ್ಲದೆ ಒಪ್ಪಿ ಚೆಕ್‌ಬುಕ್ ತೆಗೆದ. ಯಜಮಾನರ ಮುಖ ಕಪ್ಪಿಟ್ಟಿತು. ಬ್ರೋಕರನನ್ನು ಹಟ್ಟಿಯ ಹಿಂದಕ್ಕೆ ಕರೆದೊಯ್ದರು. "ಅವ್ರ್ ಒಂದೇ ಮಾತಿಗೆ ಒಪ್ರ್ ಅಂದ್ರೆ ನಾವ್ ಕಮ್ಮಿ ಹೇಳಿದ್ ಅಂತಾಯ್ತಲೆ ಮಾರಾಯ? ಹತ್ತ್ ಸಾವ್ರ ಮೇಲೆ ಹೇಳ್."

ಪಾರ್ಟಿ ಬೈಂದೂರಿನಲ್ಲಿ ಊಟ ಮಾಡಿ ಹೊರಟುಹೋದ. ಸಂಜೆಯೊಳಗೆ ಸುದ್ದಿ ಪೇಟೆಗೆ ಮುಟ್ಟಿತ್ತು. ಯಾರೂ ಕೊಡದ, ಯಾರೂ ತೆಗೆದುಕೊಳ್ಳದ ಆ ಹತ್ತು ಸಾವಿರ ಹೆಚ್ಚಿನ ರೇಟೇ ಮರುದಿನದಿಂದ ಬಿಜೂರಿನ ಚಾಲ್ತಿ ದರವಾಯಿತು. ರೈಲ್ವೆ ಗೇಟಿನಾಚೆಯವರೊಬ್ಬರು ಬೆಳಿಗ್ಗೆಯೇ ಬ್ರೋಕರನಿಗೆ ಫೋನು ಮಾಡಿ ತಮ್ಮ ಬೋರ್ಡು ಇಳಿಸಲು ಹೇಳಿದರು: ಹಳೇ ರೇಟ್ ಹೊಡೆದುಹಾಕಿ ಹೊಸದನ್ನು ಬರೆಸಬೇಕು, ತಮ್ಮದಕ್ಕೆ ಇನ್ನೂ ಐದು ಸಾವಿರ ಸೇರಿಸಬೇಕು, ತಮ್ಮ ಬಾವಿಯಲ್ಲಿ ಸಿಹಿನೀರು.